ಗೋಲು ಕಮ್ಮಿ ಹೊಡೆದ ಫಾರ್ವರ್ಡ್‌ಗೆ ಅಷ್ಟು ಬೆಲೆ ಯಾಕೆ?

ಓದುಗರ ಪ್ರಶ್ನೆ: ಕ್ರೊಯೇಷ್ಯಾದ ಫುಟ್‌ಬಾಲ್ ಆಟಗಾರ ಮಾರಿಯೊ ಮಾಂಜುಕಿಚ್ ಅಂದರೆ ನನಗೆ ನೆನಪಾಗುವುದು 2018ರ ವಿಶ್ವಕಪ್ ಫೈನಲ್‌ನಲ್ಲಿ ಅವರು ತಮ್ಮದೇ ಗೋಲಿಗೆ ಚೆಂಡು ಸೇರಿಸಿದ್ದು. ಮೊನ್ನೆ ಅವರ ಅಂಕಿಅಂಶ ತೆಗೆದು ನೋಡಿದೆ. ಇಟಲಿಯ ಯುವೆಂಟಸ್ ಕ್ಲಬ್‌ನಲ್ಲಿ ಒಂದು ಸೀಸನ್‌ನ ಲೀಗ್ ಪಂದ್ಯಗಳಲ್ಲಿ 7 ಗೋಲು, ಮುಂದಿನ ಸೀಸನ್‌ನಲ್ಲಿ 5. ಫಾರ್ವರ್ಡ್ ಅಂದ್ರೆ ಗೋಲು ಹೊಡೆಯಬೇಕು ಅಲ್ವಾ? ಆದರೂ ಬಯರ್ನ್, ಅಟ್ಲೆಟಿಕೊ, ಯುವೆಂಟಸ್ ಥರದ ಕ್ಲಬ್‌ಗಳು ಇವರನ್ನು ಯಾಕೆ ಕೊಂಡವು? ಕೇಳಲು ಇನ್ನೊಂದು ಕಾರಣವೂ ಇದೆ. ನನ್ನ ಮಗನಿಗೆ 15 ವರ್ಷ. ಸ್ಟ್ರೈಕರ್ ಆಗಿ ಮಧ್ಯದಲ್ಲಿ ತೀರಾ ಮುಂದೆ ಆಡುತ್ತಿದ್ದವನನ್ನು ಅವನ ಕೋಚ್ ಎಡಗಡೆ ವಿಂಗ್‌ಗೆ, ಅಂದರೆ ಮೈದಾನದ ಬದಿಗೆ ಹಾಕಿದ್ದಾರೆ. ‘ಮಾಂಜುಕಿಚ್ ಆಟ ನೋಡು’ ಅಂದರಂತೆ. ಇದು ಬಡ್ತಿಯೋ ಹಿಂಬಡ್ತಿಯೋ ನನಗಂತೂ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಲೆಕ್ಕ ಸರಿ. 2016-17ರ ಇಟಲಿ ಲೀಗ್‌ನಲ್ಲಿ 7, 2017-18ರಲ್ಲಿ 5. ಆದರೆ ನೀವು ಆರಿಸಿಕೊಂಡ ಆ ಎರಡು ವರ್ಷಗಳಲ್ಲಿ ಮಾಂಜುಕಿಚ್ ಹೆಚ್ಚು ಕಾಲ ಸ್ಟ್ರೈಕರ್ ಆಗಿ ಆಡಲೇ ಇಲ್ಲ. ನಿಮ್ಮ ಮಗನಿಗೆ ಈಗ ಆಗಿರುವುದೇ ಅವರಿಗೂ ಆಗಿತ್ತು. ಆಗ ಅವರ ವಯಸ್ಸು 30 ದಾಟಿತ್ತು ಅನ್ನುವುದಷ್ಟೇ ವ್ಯತ್ಯಾಸ. ಮಗನ ಕೋಚ್ ಆ ಹೆಸರನ್ನು ಸುಮ್ನೆ ಹೇಳಿರಲಾರರು ಅಂತ ನನ್ನ ಊಹೆ.

ಆ ಕಥೆಯಿಂದಲೇ ಶುರು ಮಾಡೋಣ. 2016ರ ಬೇಸಿಗೆಯಲ್ಲಿ ಯುವೆಂಟಸ್ 9 ಕೋಟಿ ಯೂರೊ ಸುರಿದು ನಾಪೊಲಿಯಿಂದ ಗೊನ್ಸಾಲೊ ಹಿಗ್ವೈನ್ ಅವರನ್ನು ತಂದಿತು. ಅಷ್ಟು ದುಡ್ಡು ಕೊಟ್ಟ ಮೇಲೆ ಮುಂದಿನ ಜಾಗ ಅವರದ್ದೇ ತಾನೇ. ಜೊತೆಗೆ ಪೌಲೊ ಡಿಬಾಲ ಇದ್ದರು. ಹೀಗಿರುವಾಗ ಮಾಂಜುಕಿಚ್ ಬೆಂಚಿನಲ್ಲಿ ಕೂರಬೇಕು, ಇಲ್ಲ ಕ್ಲಬ್ ಬಿಡಬೇಕು. ಯಾರಿಗಾದರೂ ಹಾಗೇ ಅನಿಸುತ್ತಿತ್ತು. 2017ರ ಜನವರಿಯಲ್ಲಿ ಫಿಯೊರೆಂಟಿನಾ ಎದುರು ಯುವೆಂಟಸ್ ಸೋತಿತು. ಮುಂದಿನ ವಾರ, ಜನವರಿ 22ರಂದು, ಲಾಟ್ಸಿಯೊ ವಿರುದ್ಧದ ಪಂದ್ಯಕ್ಕೆ ಕೋಚ್ ಮಾಸಿಮಿಲಿಯಾನೊ ಅಲೆಗ್ರಿ ಒಂದು ವಿಚಿತ್ರ ಪಟ್ಟಿ ಕೊಟ್ಟರು. ಹಿಗ್ವೈನ್ ಮುಂದೆ, ಡಿಬಾಲ ಅವರ ಬೆನ್ನಿಗೆ, ಬಲಕ್ಕೆ ಕ್ವಾಡ್ರಾಡೊ. ಎಡಕ್ಕೆ ಮಾಂಜುಕಿಚ್! 1.90 ಮೀಟರ್ ಎತ್ತರ, ಓಟದಲ್ಲಿ ಅಷ್ಟೇನೂ ಚುರುಕಲ್ಲ, ಡ್ರಿಬಲ್ ಮಾಡಿ ಆಟಗಾರರನ್ನು ದಾಟುವವರಂತೂ ಅಲ್ಲವೇ ಅಲ್ಲ. ಅಂಥವರು ವಿಂಗ್‌ನಲ್ಲಿ. ಯುವೆಂಟಸ್ 2-0ಗೆ ಗೆದ್ದಿತು. ಆ ಜೋಡಣೆ ಹಾಗೇ ಉಳಿಯಿತು.

ಯಾಕೆ ಉಳಿಯಿತು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ಮುಕ್ಕಾಲು ಉತ್ತರ ಇದೆ.

ಒಂದು ತಂಡದಲ್ಲಿ ದಾಳಿಗೆಂದೇ ನಾಲ್ವರನ್ನು ಆಡಿಸಿದರೆ ಚೆಂಡು ಕಳೆದುಕೊಂಡಾಗ ಹಿಂದೆ ಓಡಿ ಬರುವವರು ಯಾರು? ಹಿಗ್ವೈನ್ ಬರುವವರಲ್ಲ. ಡಿಬಾಲ ಸ್ವಲ್ಪ ಬರುತ್ತಾರೆ. ಎಡಗಡೆಯಲ್ಲಿ ಮಾಂಜುಕಿಚ್ ತಮ್ಮ ಪೆನಾಲ್ಟಿ ಜಾಗದವರೆಗೂ ಬಂದು ನಿಲ್ಲುತ್ತಿದ್ದರು. ಎದುರಾಳಿಯ ರೈಟ್‌ಬ್ಯಾಕ್ (ಬಲಬದಿಯ ಡಿಫೆಂಡರ್) ಎಲ್ಲಿ ಹೋದರೆ ಅಲ್ಲಿ ಅವರು. ಇದರಿಂದ ಹಿಂದೆ ಇರುವ ಎಡಬದಿಯ ಡಿಫೆಂಡರ್ ಆಲೆಕ್ಸ್ ಸಾಂಡ್ರೊ ನಿಶ್ಚಿಂತೆಯಿಂದ ಮುಂದಕ್ಕೆ ಹೋಗಬಹುದಿತ್ತು. ಆ ವರ್ಷ ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಫೈನಲ್‌ಗೆ ಮುಂಚಿನ 12 ಪಂದ್ಯಗಳಲ್ಲಿ ಯುವೆಂಟಸ್ ಬಿಟ್ಟುಕೊಟ್ಟ ಗೋಲು ಬರೀ 3. ಬಾರ್ಸಿಲೋನಾಗೆ ಎರಡು ಪಂದ್ಯಗಳಲ್ಲಿ ಒಂದೂ ಸಿಗಲಿಲ್ಲ. ಹೊಗಳಿಕೆ ಗೋಲಿ ಬಫನ್, ಡಿಫೆಂಡರ್‌ಗಳಾದ ಕಿಯೆಲ್ಲಿನಿ, ಬೊನುಚ್ಚಿ ಅವರಿಗೆ ಹೋಯಿತು, ಹೋಗಬೇಕಾದ್ದೇ. ಆದರೆ ಆ ಗೋಡೆಯ ಎಡಬದಿಗೆ ಒಬ್ಬ ಸ್ಟ್ರೈಕರ್ ಕಲ್ಲು ಹೊರುತ್ತಿದ್ದರು.

ಇದು ಚೆಂಡು ಇಲ್ಲದಾಗಿನ ಕಥೆ. ಚೆಂಡು ಇದ್ದಾಗಿನದು ಇನ್ನೂ ಮಜವಾಗಿದೆ. ಸ್ಟ್ರೈಕರ್ ಆಗಿ ನಿಂತರೆ ಮಾಂಜುಕಿಚ್ ಪಕ್ಕದಲ್ಲಿ ಅವರಷ್ಟೇ ಎತ್ತರದ ಸೆಂಟರ್‌ಬ್ಯಾಕ್ (ಮಧ್ಯದ ಡಿಫೆಂಡರ್) ಇರುತ್ತಾರೆ. ಎಡ ವಿಂಗ್‌ಗೆ ಹೋದರೆ ಪಕ್ಕದಲ್ಲಿರುವುದು ಫುಲ್‌ಬ್ಯಾಕ್, ಅಂದರೆ ಬದಿಯ ಡಿಫೆಂಡರ್. ಫುಲ್‌ಬ್ಯಾಕ್‌ಗಳು ಸಾಮಾನ್ಯವಾಗಿ ಕುಳ್ಳಗಿರುತ್ತಾರೆ, ವೇಗವಾಗಿರುತ್ತಾರೆ. ನೆಲದ ಮೇಲೆ ಅವರನ್ನು ಸೋಲಿಸುವುದು ಕಷ್ಟ, ಗಾಳಿಯಲ್ಲಿ ಸುಲಭ. ಬಲಗಡೆಯಿಂದ ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಕೊಡುವ ಚೆಂಡು) ಬಂದಾಗ ದೂರದ ಗೋಲುಕಂಬದ ಹತ್ತಿರ ಒಬ್ಬ ಉದ್ದನೆಯ ಆಸಾಮಿ ಒಬ್ಬ ಗಿಡ್ಡ ಡಿಫೆಂಡರ್ ಮೇಲೆ ಎಗರುತ್ತಾನೆ. ಇಷ್ಟೇ ಉಪಾಯ.

ಇದನ್ನು ಕಣ್ಣಾರೆ ನೋಡಬೇಕೆಂದರೆ 2018ರ ಏಪ್ರಿಲ್ 11ರ ಪಂದ್ಯ ಹುಡುಕಿ. ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್, ರಿಯಲ್ ಮ್ಯಾಡ್ರಿಡ್ ಅವರ ಬೆರ್ನಬೆವು ಮೈದಾನ. ಎರಡು ಪಂದ್ಯಗಳ ಈ ಮುಖಾಮುಖಿಯ ಮೊದಲ ಪಂದ್ಯದಲ್ಲಿ ಯುವೆಂಟಸ್ ತನ್ನ ಮನೆಯಲ್ಲೇ 0-3ಕ್ಕೆ ಸೋತಿತ್ತು. ಕಥೆ ಮುಗಿದಿದೆ ಅಂತ ಎಲ್ಲರ ಲೆಕ್ಕ. 2ನೇ ನಿಮಿಷದಲ್ಲೇ ಖೆದಿರಾ ಬಲಗಡೆಯಿಂದ ಕ್ರಾಸ್ ಕೊಟ್ಟರು, ಮಾಂಜುಕಿಚ್ ಹೆಡರ್, ಗೋಲು. 37ನೇ ನಿಮಿಷ, ಲಿಕ್ಟ್‌ಸ್ಟೈನರ್ ಕ್ರಾಸ್, ಮತ್ತೆ ಹೆಡರ್, ಮತ್ತೆ ಗೋಲು. ಮ್ಯಾಡ್ರಿಡ್‌ನ ರೈಟ್‌ಬ್ಯಾಕ್ ಕಾರ್ವಾಹಾಲ್ ಅದ್ಭುತ ಆಟಗಾರ, ಆದರೆ ಎತ್ತರ 1.73 ಮೀಟರ್. ಅವರೇನು ಮಾಡಿಯಾರು? ಮತುಯಿದಿ ಮೂರನೆಯದು ಹೊಡೆದು ಲೆಕ್ಕ ಸಮ ಮಾಡಿದರು. ಕೊನೆಗೆ ಹೆಚ್ಚುವರಿ ನಿಮಿಷಗಳಲ್ಲಿ ಮ್ಯಾಡ್ರಿಡ್‌ಗೆ ಪೆನಾಲ್ಟಿ ಸಿಕ್ಕಿ ರೊನಾಲ್ಡೊ ಗೋಲು ಹೊಡೆದರು, ಯುವೆಂಟಸ್ ಹೊರಬಿತ್ತು. ಅದು ಬೇರೆ ಸಂಕಟ. ನೀವು ಹೇಳಿದ ‘5 ಗೋಲಿನ ಸೀಸನ್’ ಇದೇ ಸೀಸನ್. ಲೀಗ್ ಪಟ್ಟಿಯಲ್ಲಿ ಈ ಎರಡು ಗೋಲು ಕಾಣುವುದಿಲ್ಲ.

ಇನ್ನು ಅವರು ಬಂದ ದಾರಿ. ಈ ಸ್ವಭಾವ ಎಲ್ಲಿಂದ ಬಂತು ಅಂತ ಖಚಿತವಾಗಿ ಹೇಳುವುದು ಕಷ್ಟ, ಆದರೂ ದಾರಿ ಗೊತ್ತಿರಲಿ. ಹುಟ್ಟಿದ್ದು 1986ರ ಮೇ 21, ಸ್ಲಾವೊನ್ಸ್ಕಿ ಬ್ರೋಡ್ ಊರಿನಲ್ಲಿ. ಸಾವಾ ನದಿಯ ದಡದ ಊರು ಅದು, ನದಿ ದಾಟಿದರೆ ಬೋಸ್ನಿಯಾ. ಯುಗೊಸ್ಲಾವಿಯಾ ಒಡೆದು ಯುದ್ಧ ಶುರುವಾದಾಗ ಕುಟುಂಬ ಜರ್ಮನಿಗೆ ಹೋಯಿತು. ಸ್ಟುಟ್‌ಗಾರ್ಟ್ ಹತ್ತಿರದ ಡಿಟ್ಸಿಂಗೆನ್ ಎಂಬಲ್ಲಿ ಹುಡುಗ ಫುಟ್‌ಬಾಲ್ ಕಲಿತ. ಅಪ್ಪನೂ ಆಟಗಾರರೇ. 1996ರಲ್ಲಿ ವಾಸದ ಪರವಾನಗಿ ಮುಂದುವರಿಯದೆ ಊರಿಗೆ ವಾಪಸ್. ಅಲ್ಲಿನ ಮಾರ್ಸೋನಿಯಾ ಕ್ಲಬ್, ಆಮೇಲೆ ಎನ್‌ಕೆ ಜಾಗ್ರೆಬ್. 2007ರಲ್ಲಿ ಎಡ್ವಾರ್ಡೊ ಆರ್ಸೆನಲ್‌ಗೆ ಹೋದಾಗ ಖಾಲಿಯಾದ ಜಾಗಕ್ಕೆ ಡಿನಾಮೊ ಜಾಗ್ರೆಬ್ ಇವರನ್ನು ಕೊಂಡಿತು. ಸತತ ಮೂರು ಲೀಗ್ ಪ್ರಶಸ್ತಿ ಬಂತು. 2008-09ರಲ್ಲಿ 16 ಗೋಲು ಹೊಡೆದು ಲೀಗ್‌ನಲ್ಲಿ ಮೊದಲಿಗರಾದರು.

ಡಿನಾಮೊ ಕಾಲದ ಒಂದು ಸಂಗತಿ ಕೇಳಿದರೆ ನಿಮಗೆ ನಗು ಬರಬಹುದು. 2009ರಲ್ಲಿ ಆಂಡರ್ಲೆಕ್ಟ್ ವಿರುದ್ಧ ಸೋತ ಮೇಲೆ ಕ್ಲಬ್ ಇವರಿಗೆ ಒಂದು ಲಕ್ಷ ಯೂರೊ ದಂಡ ಹಾಕಿತು. ಕಾರಣ? ಮೈದಾನದಲ್ಲಿ ಸಾಕಷ್ಟು ಶ್ರಮ ಹಾಕಲಿಲ್ಲವಂತೆ. ಮುಂದೆ ಯುರೋಪಿನಲ್ಲೇ ಅತಿ ಹೆಚ್ಚು ದುಡಿಯುವ ಫಾರ್ವರ್ಡ್ ಅಂತ ಹೆಸರಾದವರಿಗೆ ಸೋಮಾರಿತನಕ್ಕೆ ದಂಡ! ಆ ದಂಡವೇ ಇವರನ್ನು ಬದಲಿಸಿತು ಅಂತ ಕಥೆ ಕಟ್ಟಲು ನನಗೆ ಇಷ್ಟವಿಲ್ಲ.

2010ರಲ್ಲಿ ಜರ್ಮನಿಯ ವೋಲ್ಫ್ಸ್‌ಬುರ್ಗ್‌ಗೆ ಹೋದರು. ಅಲ್ಲಿ ಎಡಿನ್ ಜೆಕೊ ಇದ್ದರು, ಹಾಗಾಗಿ ಮಧ್ಯದ ಜಾಗ ಸಿಗಲಿಲ್ಲ. ಬದಿಯಲ್ಲಿ ಆಡಿಸಿದರು. ನೋಡಿ, ಎಡಗಡೆಗೆ ಹೋಗುವುದು ಅವರಿಗೆ ಯುವೆಂಟಸ್‌ನಲ್ಲಿ ಹೊಸದೇನೂ ಆಗಿರಲಿಲ್ಲ. ಜೆಕೊ 2011ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋದ ಮೇಲೆ ದಾರಿ ತೆರೆಯಿತು. ತಂಡ ಕೆಳಗಿನ ಲೀಗ್‌ಗೆ ಬೀಳುವ ಭಯದಲ್ಲಿದ್ದಾಗ ಇವರ ಗೋಲುಗಳೇ ಕೈಹಿಡಿದವು. ಮುಂದಿನ ಸೀಸನ್‌ನಲ್ಲಿ 12 ಗೋಲು. ಆಮೇಲೆ ಯುರೋಪಿನ ದೇಶಗಳ ಟೂರ್ನಿಯಾದ 2012ರ ಯೂರೊ ಕಪ್, ಕ್ರೊಯೇಷ್ಯಾ ಪರ. ಐರ್ಲೆಂಡ್ ವಿರುದ್ಧ 2, ಇಟಲಿ ವಿರುದ್ಧ 1. ಟೂರ್ನಿ ಮುಗಿಯುವ ಮೊದಲೇ ಬಯರ್ನ್ ಮ್ಯೂನಿಕ್ ಸಹಿ ಹಾಕಿಸಿಕೊಂಡಿತು.

ಬಯರ್ನ್ ಇವರನ್ನು ತಂದಿದ್ದು ಮಾರಿಯೊ ಗೊಮೆಜ್‌ಗೆ ಜೊತೆಯಾಗಿ. ಗೊಮೆಜ್ ಹಿಂದಿನ ಸೀಸನ್‌ನಲ್ಲಿ ಗೋಲುಗಳ ಸುರಿಮಳೆ ಮಾಡಿದ್ದವರು. ಗಾಯದಿಂದ ಅವರು ಆರಂಭದ ಪಂದ್ಯಗಳಿಗೆ ಇರಲಿಲ್ಲ. ವಾಪಸ್ ಬಂದಾಗ ಜಾಗ ಹೋಗಿತ್ತು. ಗೋಲು ಹೊಡೆಯುವುದರಲ್ಲಿ ಗೊಮೆಜ್ ಕಮ್ಮಿಯೇನಲ್ಲ. ಆದರೆ ಯುಪ್ ಹೈನ್ಕೆಸ್ ಅವರ ಆ ತಂಡ ಚೆಂಡು ಕಳೆದುಕೊಂಡ ಕೂಡಲೇ ಮುಂದಿನಿಂದಲೇ ಒತ್ತಡ ಹಾಕುತ್ತಿತ್ತು. ಆ ಒತ್ತಡ ಶುರು ಮಾಡುವ ಮೊದಲ ಆಟಗಾರ ಸ್ಟ್ರೈಕರ್. ಅಲ್ಲಿ ಮಾಂಜುಕಿಚ್ ಗೆದ್ದರು. ಲೀಗ್‌ನಲ್ಲಿ 15 ಗೋಲೂ ಬಂದವು. 2013ರ ಮೇ 25, ವೆಂಬ್ಲಿ, ಚಾಂಪಿಯನ್ಸ್ ಲೀಗ್ ಫೈನಲ್, ಎದುರು ಡಾರ್ಟ್‌ಮಂಡ್. 60ನೇ ನಿಮಿಷದಲ್ಲಿ ರಾಬೆನ್ ಎಡಗಡೆಯಿಂದ ಗೋಲಿನ ಮುಂದಕ್ಕೆ ಚೆಂಡು ತಳ್ಳಿದರು. ಮಾಂಜುಕಿಚ್ ಸರಿಯಾದ ಜಾಗದಲ್ಲಿದ್ದರು, ಒಳಗೆ ಹಾಕಿದರು. 89ನೇ ನಿಮಿಷದಲ್ಲಿ ರಾಬೆನ್ ಇನ್ನೊಂದು ಹೊಡೆದು 2-1. ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್, ಒಂದೇ ವರ್ಷ ಮೂರೂ ಬಯರ್ನ್ ಪಾಲಾದವು.

ಮರುವರ್ಷ ಪೆಪ್ ಗಾರ್ಡಿಯೋಲಾ ಕೋಚ್ ಆಗಿ ಬಂದರು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು: ಎಲ್ಲ ಕೋಚ್‌ಗಳಿಗೂ ಇಂಥ ಫಾರ್ವರ್ಡ್ ಬೇಡ. ಗಾರ್ಡಿಯೋಲಾ ತಂಡದಲ್ಲಿ ಚೆಂಡು ಬಹುಪಾಲು ಹೊತ್ತು ತಮ್ಮ ಕಾಲಲ್ಲೇ ಇರುತ್ತದೆ. ಸ್ಟ್ರೈಕರ್ ಕೆಳಗಿಳಿದು ಮಧ್ಯದವರ ಜೊತೆ ಸಣ್ಣ ಸಣ್ಣ ಪಾಸ್ ಆಡಬೇಕು. ಮಾಂಜುಕಿಚ್ ಆಟ ಇರುವುದು ಪೆನಾಲ್ಟಿ ಜಾಗದಲ್ಲಿ ಮತ್ತು ಎದುರಾಳಿಯ ಬೆನ್ನಟ್ಟುವುದರಲ್ಲಿ. ಆದರೂ ಆ ಸೀಸನ್‌ನಲ್ಲಿ ಲೀಗ್‌ನಲ್ಲಿ 18 ಗೋಲು ಹೊಡೆದು ಎರಡನೆಯವರಾದರು. ಮೊದಲಿಗರು ಡಾರ್ಟ್‌ಮಂಡ್‌ನ ಲೆವಾಂಡೊವ್ಸ್ಕಿ, 20 ಗೋಲು. ಆ ಲೆವಾಂಡೊವ್ಸ್ಕಿಯೇ ಮುಂದಿನ ವರ್ಷ ಬಯರ್ನ್‌ಗೆ ಬರುವುದು ಜನವರಿಯಲ್ಲೇ ಖಾತ್ರಿಯಾಗಿತ್ತು. ಜರ್ಮನ್ ಕಪ್ ಫೈನಲ್‌ನ ತಂಡದಲ್ಲಿ ಮಾಂಜುಕಿಚ್ ಹೆಸರೇ ಇರಲಿಲ್ಲ. ಮುನಿಸಿಕೊಂಡೇ ಹೊರಟರು. ಅಂದರೆ 18 ಗೋಲು ಹೊಡೆದ ವರ್ಷ ಜಾಗ ಹೋಯಿತು, 7 ಹೊಡೆದ ವರ್ಷ ಜಾಗ ಗಟ್ಟಿಯಾಯಿತು. ಗೋಲಿನ ಲೆಕ್ಕ ಒಂದೇ ಸಾಕಾಗಿದ್ದರೆ ಇದು ಉಲ್ಟಾ ಆಗಬೇಕಿತ್ತು.

ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿ ಇದ್ದಿದ್ದು ಒಂದೇ ವರ್ಷ. ಡಿಯೇಗೊ ಕೋಸ್ಟಾ ಬಿಟ್ಟುಹೋದ ಜಾಗ. ಸ್ಪೇನಿನ ಸೂಪರ್ ಕಪ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 2ನೇ ನಿಮಿಷದ ಗೋಲು, ಕಪ್ ಅವರದಾಯಿತು. ಒಲಿಂಪಿಯಾಕೋಸ್ ವಿರುದ್ಧ ಹ್ಯಾಟ್ರಿಕ್. ಎಲ್ಲ ಸೇರಿ 20 ಗೋಲು. ಆದರೆ ನನಗೆ ಉಳಿದಿರುವ ಚಿತ್ರ 2015ರ ಏಪ್ರಿಲ್‌ನದು. ಚಾಂಪಿಯನ್ಸ್ ಲೀಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 0-0 ಆದ ಆ ಪಂದ್ಯದಲ್ಲಿ ರಾಮೋಸ್, ಕಾರ್ವಾಹಾಲ್ ಇಬ್ಬರ ಜೊತೆಗೂ ತಿಕ್ಕಾಟ. ಮುಖದ ತುಂಬ ರಕ್ತ. ಒರೆಸಿಕೊಂಡು ಮತ್ತೆ ಅವರ ಪಕ್ಕಕ್ಕೇ ಹೋಗಿ ನಿಂತರು. ಇಂಥವರು ಎದುರು ತಂಡದಲ್ಲಿದ್ದರೆ ಮಹಾ ತಲೆನೋವು, ನಮ್ಮ ತಂಡದಲ್ಲಿದ್ದರೆ ಧೈರ್ಯ.

ಅಲ್ಲಿಂದ 2015ರಲ್ಲಿ ಯುವೆಂಟಸ್. ನಾಲ್ಕು ಲೀಗ್, ಮೂರು ಇಟಲಿ ಕಪ್. 2017ರ ಜೂನ್ 3ರಂದು ಕಾರ್ಡಿಫ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ರಿಯಲ್ ಮ್ಯಾಡ್ರಿಡ್ ವಿರುದ್ಧ. 1-4ಕ್ಕೆ ಸೋತರು. ಆದರೆ ಆ ಒಂದು ಗೋಲು! ಬೊನುಚ್ಚಿಯ ಉದ್ದನೆಯ ಪಾಸ್, ಆಲೆಕ್ಸ್ ಸಾಂಡ್ರೊ, ಹಿಗ್ವೈನ್, ಅಲ್ಲಿಂದ ಮಾಂಜುಕಿಚ್. ಚೆಂಡು ನೆಲ ಮುಟ್ಟಲೇ ಇಲ್ಲ. ಎದೆಯ ಮೇಲೆ ಇಳಿಸಿಕೊಂಡು, ಗೋಲಿಗೆ ಬೆನ್ನು ಹಾಕಿದ್ದಂತೆಯೇ ಮೇಲೆ ಹಾರಿ, ತಲೆಯ ಮೇಲಿಂದ ಒದ್ದರು. ಆ ಸೀಸನ್‌ನ ಅತ್ಯುತ್ತಮ ಗೋಲು ಅಂತ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಪ್ರಶಸ್ತಿಯೂ ಬಂತು. ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು) ಫೈನಲ್‌ನಲ್ಲಿ ಎರಡು ಬೇರೆ ಬೇರೆ ಕ್ಲಬ್‌ಗಳಿಗೆ ಗೋಲು ಹೊಡೆದವರು ಅಲ್ಲಿಯವರೆಗೆ ಮೂವರೇ: ವಾಸೊವಿಚ್, ಕ್ರಿಸ್ಟಿಯಾನೊ ರೊನಾಲ್ಡೊ, ಮಾಂಜುಕಿಚ್.

ಈಗ ನಿಮಗೆ ನೆನಪಿರುವ ಆ ಸ್ವಂತ ಗೋಲಿಗೆ ಬರುತ್ತೇನೆ. 2018ರ ಜುಲೈ 15, ಮಾಸ್ಕೊದ ಲುಜ್ನಿಕಿ. ಫ್ರಾನ್ಸ್‌ಗೆ ಒಂದು ಫ್ರೀ ಕಿಕ್ ಸಿಕ್ಕಿತು. 18ನೇ ನಿಮಿಷ. ಗ್ರೀಜ್‌ಮನ್ ಎಡಗಾಲಿನಿಂದ ಚೆಂಡನ್ನು ಒಳಗೆ ತಿರುಗಿಸಿದರು. ಕ್ರೊಯೇಷ್ಯಾದ ಸಾಲಿನಲ್ಲಿ ಎಗರಿದವರು ಮಾಂಜುಕಿಚ್. ಚೆಂಡು ಅವರ ನೆತ್ತಿ ಸವರಿ ಹಿಂದಕ್ಕೆ ಹೋಗಿ ಬಲೆಗೆ ಬಿತ್ತು. ವಿಶ್ವಕಪ್ ಫೈನಲ್‌ನಲ್ಲಿ ಅದು ಮೊದಲ ಸ್ವಂತ ಗೋಲು. ಒಬ್ಬ ಫಾರ್ವರ್ಡ್ ತನ್ನ ಗೋಲಿನ ಮುಂದೆ ಏನು ಮಾಡುತ್ತಿದ್ದ ಅಂತ ಕೇಳಿ ನೋಡಿ. ತಂಡದ ಎತ್ತರದ ತಲೆ ಅವರದು, ಹಾಗಾಗಿ ಫ್ರೀ ಕಿಕ್ ಬಂದಾಗ ತಡೆಯುವ ಕೆಲಸವೂ ಅವರದು. ಮುಂದೆಯೇ ನಿಂತು ಸೊಂಟಕ್ಕೆ ಕೈಕೊಟ್ಟು ನೋಡುವ ಸ್ಟ್ರೈಕರ್‌ಗೆ ಈ ಅವಮಾನ ಆಗುವ ಪ್ರಶ್ನೆಯೇ ಇಲ್ಲ.

ಅದೇ ಪಂದ್ಯ, 69ನೇ ನಿಮಿಷ. ಫ್ರಾನ್ಸ್ 4-1 ಮುಂದಿದೆ. ಮೂರು ನಾಕೌಟ್ ಪಂದ್ಯಗಳಲ್ಲೂ ಹೆಚ್ಚುವರಿ ಅವಧಿ ಆಡಿ ಬಂದ ಕಾಲುಗಳು. ಫ್ರಾನ್ಸ್‌ನವರು ತಮ್ಮ ಗೋಲಿ ಲೋರಿಸ್‌ಗೆ ಚೆಂಡು ಹಿಂದಕ್ಕೆ ಕೊಟ್ಟರು. ಇಂಥ ಚೆಂಡಿನ ಹಿಂದೆ ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಸಿಗುವುದಿಲ್ಲ. ಮಾಂಜುಕಿಚ್ ಓಡಿದರು. ಲೋರಿಸ್ ಅವರನ್ನು ತಪ್ಪಿಸಿ ಆಡಲು ಹೋದರು, ಇವರು ಕಾಲು ಚಾಚಿದರು, ಗೋಲು. 4-2. ಒಂದೇ ವಿಶ್ವಕಪ್ ಪಂದ್ಯದಲ್ಲಿ ಎರಡೂ ಕಡೆಗೆ ಗೋಲು ಸೇರಿಸಿದ ಎರಡನೇ ಆಟಗಾರ ಅವರು. ಮೊದಲನೆಯವರು 1978ರಲ್ಲಿ ನೆದರ್ಲೆಂಡ್ಸ್‌ನ ಎರ್ನಿ ಬ್ರಾಂಟ್ಸ್. ನನ್ನ ಪ್ರಕಾರ ಆ ಎರಡು ಗೋಲೂ ಒಂದೇ ಅಭ್ಯಾಸದಿಂದ ಬಂದವು. ತನ್ನದಲ್ಲದ ಜಾಗಕ್ಕೂ ಹೋಗುವ ಅಭ್ಯಾಸ. ಒಮ್ಮೆ ಕೈಕೊಟ್ಟಿತು, ಒಮ್ಮೆ ಕೈಹಿಡಿಯಿತು.

ಆ ಫೈನಲ್‌ಗೆ ತಂಡವನ್ನು ತಂದವರೂ ಅವರೇ ಅನ್ನುವುದನ್ನು ಜನ ಬೇಗ ಮರೆತರು. ಜುಲೈ 11ರ ಸೆಮಿಫೈನಲ್, ಇಂಗ್ಲೆಂಡ್ ಎದುರು. ನಮ್ಮಲ್ಲಿ ರಾತ್ರಿ 11.30ಕ್ಕೆ ಶುರುವಾದ ಪಂದ್ಯ. 1-1 ಆಗಿ ಹೆಚ್ಚುವರಿ ಅವಧಿಗೆ ಹೋದಾಗ ನಾನು ಟಿವಿ ಶಬ್ದ ಪೂರ್ತಿ ಇಳಿಸಿ ನೋಡುತ್ತಿದ್ದೆ, ಮನೆಯವರೆಲ್ಲ ಮಲಗಿದ್ದರು. 109ನೇ ನಿಮಿಷ. ಪೆರಿಸಿಚ್ ತಲೆಯಿಂದ ಚೆಂಡನ್ನು ಹಿಂದಕ್ಕೆ ಎತ್ತಿದರು. ಡಿಫೆಂಡರ್ ಸ್ಟೋನ್ಸ್ ಒಂದು ಕ್ಷಣ ಮೈಮರೆತರು. ಮಾಂಜುಕಿಚ್ ಮರೆಯಲಿಲ್ಲ, ಎಡಗಾಲಿನಿಂದ ಹೊಡೆದರು. ಸಂಭ್ರಮದಲ್ಲಿ ಇಡೀ ತಂಡ ಮೈದಾನದ ಅಂಚಿನಲ್ಲಿದ್ದ ಒಬ್ಬ ಛಾಯಾಗ್ರಾಹಕರ ಮೇಲೆ ಬಿತ್ತು. ಅವರು ಬಿದ್ದಲ್ಲಿಂದಲೇ ಫೋಟೊ ತೆಗೆಯುತ್ತಲೇ ಇದ್ದರು. ಅಂದಹಾಗೆ, ದೇಶದ ಪರ ಮಾಂಜುಕಿಚ್ ಅವರ ಮೊದಲ ಗೋಲು ಬಂದಿದ್ದೂ ಇಂಗ್ಲೆಂಡ್ ವಿರುದ್ಧವೇ, 2008ರ ಸೆಪ್ಟೆಂಬರ್‌ನಲ್ಲಿ ಜಾಗ್ರೆಬ್‌ನಲ್ಲಿ. ಆ ಪಂದ್ಯ 1-4ಕ್ಕೆ ಸೋತಿದ್ದರು. ಒಟ್ಟು 89 ಪಂದ್ಯ, 33 ಗೋಲು. 2018ರ ಆಗಸ್ಟ್‌ನಲ್ಲಿ ದೇಶದ ಆಟಕ್ಕೆ ವಿದಾಯ ಹೇಳಿದಾಗ ಅವರ ಮುಂದೆ ಇದ್ದವರು 45 ಗೋಲಿನ ಡಾವೋರ್ ಶೂಕೆರ್ ಒಬ್ಬರೇ.

ಒಂದು ಸಣ್ಣ ಕೊಂಡಿ ನಮ್ಮೂರಿಗೂ ಇದೆ. 2012-13ರಲ್ಲಿ ಕ್ರೊಯೇಷ್ಯಾದ ಕೋಚ್ ಆಗಿ ಮಾಂಜುಕಿಚ್ ಅವರನ್ನು ಆಡಿಸಿದವರು ಇಗೊರ್ ಸ್ಟಿಮಾಚ್. ಆಮೇಲೆ ಭಾರತ ತಂಡದ ಕೋಚ್ ಆಗಿ ಬಂದು, 2023ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದರಲ್ಲ, ಅವರೇ. ಅದೇ ಟೂರ್ನಿಯಲ್ಲಿ ಎರಡು ಸಲ ರೆಡ್ ಕಾರ್ಡ್ ತಿಂದು ಗ್ಯಾಲರಿ ಸೇರಿದವರೂ ಅವರೇ. ಮಾಂಜುಕಿಚ್ ಕೂಡ 2022ರ ವಿಶ್ವಕಪ್‌ನಲ್ಲಿ ಸಹಾಯಕ ಕೋಚ್ ಆಗಿ ಬೆಂಚಿನಲ್ಲಿದ್ದಾಗ, ಅರ್ಜೆಂಟೀನಾ ವಿರುದ್ಧದ ಸೆಮಿಫೈನಲ್‌ನಲ್ಲಿ ಪೆನಾಲ್ಟಿಗೆ ಆಕ್ಷೇಪಿಸಿ ರೆಡ್ ಕಾರ್ಡ್ ಪಡೆದರು. ಕೂತಲ್ಲಿ ಸುಮ್ಮನಿರುವ ಜಾಯಮಾನ ಇಬ್ಬರದ್ದೂ ಅಲ್ಲ.

ಕೊನೆಯ ಎರಡು ವರ್ಷ ಹೇಳಿಕೊಳ್ಳುವಂಥದ್ದಲ್ಲ. ಯುವೆಂಟಸ್‌ಗೆ ಮೌರಿಜಿಯೊ ಸಾರಿ ಕೋಚ್ ಆಗಿ ಬಂದ ಮೇಲೆ ಒಂದು ಪಂದ್ಯವೂ ಸಿಗಲಿಲ್ಲ. ಕತಾರ್‌ನ ಅಲ್-ದುಹೈಲ್, ಆಮೇಲೆ 2021ರ ಜನವರಿಯಲ್ಲಿ ಎಸಿ ಮಿಲಾನ್. ಬರೀ ಗಾಯ. ಮಾರ್ಚ್‌ನಲ್ಲಿ ಆಡಲು ಆಗಲಿಲ್ಲ ಅಂತ ಆ ತಿಂಗಳ ಸಂಬಳ ಬೇಡ ಅಂದರು. ಆ ಹಣ ಕ್ಲಬ್‌ನ ಸೇವಾ ಸಂಸ್ಥೆಗೆ ಹೋಯಿತು. ಸೋಮಾರಿತನಕ್ಕೆ ದಂಡ ಕಟ್ಟಿಸಿಕೊಂಡಿದ್ದವರು ಈ ಸಲ ತಾವೇ ಲೆಕ್ಕ ಚುಕ್ತಾ ಮಾಡಿದಂತಿತ್ತು. ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಚಿಕ್ಕ ಮಾರಿಯೊಗೆ ಬರೆದ ಪತ್ರದ ರೂಪದಲ್ಲಿತ್ತು ಅದು. ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರಾದರೆ 109ನೇ ನಿಮಿಷಕ್ಕೆ ತಯಾರಾಗಿರು ಅಂತ ಕೆಳಗೊಂದು ಟಿಪ್ಪಣಿ ಬೇರೆ.

ಇನ್ನು ನಿಮ್ಮ ಮಗನ ವಿಷಯ. ಅವನ ಆಟ ನೋಡದೆ ಬಡ್ತಿ, ಹಿಂಬಡ್ತಿ ಅಂತ ಹೇಳಿದರೆ ತಪ್ಪಾಗುತ್ತದೆ. ಮಾಂಜುಕಿಚ್ ಎಡಕ್ಕೆ ಹೋಗಿದ್ದು ಮಧ್ಯದ ಆಟ ಪೂರ್ತಿ ಕಲಿತ ಮೇಲೆ. 15ರ ಹುಡುಗ ಇನ್ನೂ ಎರಡನ್ನೂ ಕಲಿಯಬೇಕು, ಹಾಗಾಗಿ ಒಂದು ಸೀಸನ್ ಬದಿಯಲ್ಲಿ ಆಡಿದರೆ ನಷ್ಟವೇನಿಲ್ಲ. ಆದರೆ ಕೋಚ್ ಹತ್ತಿರ ಎರಡು ಪ್ರಶ್ನೆ ಕೇಳಿ, ಮಗನನ್ನೇ ಕೇಳಲು ಬಿಟ್ಟರೆ ಇನ್ನೂ ಒಳ್ಳೆಯದು. ‘ಚೆಂಡು ನಮ್ಮ ಹತ್ತಿರ ಇಲ್ಲದಾಗ ನಾನು ಎಲ್ಲಿ ನಿಲ್ಲಬೇಕು ಸರ್?’ ‘ಬಲಗಡೆಯಿಂದ ಕ್ರಾಸ್ ಬಂದಾಗ ಎಲ್ಲಿಗೆ ಓಡಬೇಕು?’ ಎರಡಕ್ಕೂ ಥಟ್ಟನೆ ಉತ್ತರ ಬಂದರೆ ಅವರ ತಲೆಯಲ್ಲಿ ಇವನಿಗೊಂದು ಕೆಲಸ ಇದೆ ಅಂತ ಅರ್ಥ. ‘ಅಲ್ಲೇ ಎಲ್ಲಾದ್ರೂ ಇರು’ ಅಂದರೆ, ಬೇರೆ ಯಾರಿಗೋ ಮಧ್ಯದ ಜಾಗ ಕೊಡಲು ಇವನನ್ನು ಪಕ್ಕಕ್ಕೆ ಸರಿಸಿದ್ದಾರೆ. ಆಗ ಇನ್ನೊಮ್ಮೆ ಬರೆಯಿರಿ.